ಅತ್ತೆಗೆ ಹೊಳೆ ತೋರಿಸಿದ ಭಾನುವಾರ

ಆ ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಆರನೆಯ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಲು ಬಟ್ಟೆ ಅದ್ದುವಷ್ಟರಲ್ಲಿ ನಮ್ಮವರ ಫೋನು ಬಡಿದುಕೊಂಡಿತು. ಅವರು ಸ್ನಾನಕ್ಕೆ ಹೋಗಿದ್ದರು. ಅತ್ತೆ ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ಹಿಟ್ಟು ಮೆತ್ತಿದ ಕೈಯ ಕಿರುಬೆರಳಿನಿಂದ ಒತ್ತಿ ಕಿವಿಗೆ ಹಿಡಿದೆ. ಗದಗಿನಿಂದ ಮೈದುನ.

"ವೈನೀ, ಅಣ್ಣ ಎಲ್ಲದಾನ?"

"ಸ್ನಾನಕ್ಕ ಹೋಗ್ಯಾರ. ಯಾಕ, ಇಷ್ಟೊತ್ನಾಗ?"

"ಅವ್ವ ಹತ್ರ ಅದಾಳೇನು?"

"ಇಲ್ಲ, ಪೂಜಾಕ್ಕ ಕುಂತಾರ."

"ಸ್ವಲ್ಪ ಹೊರಗ ಬರ್ರಿ ಹಂಗಾರ."

ಗ್ಯಾಸು ಸಣ್ಣ ಮಾಡಿ ಹಿಂಬಾಗಿಲ ಮೆಟ್ಟಿಲಿಗೆ ಬಂದೆ. ನಾವಿರುವ ಪರದೇಶದ ಈ ಊರು ಪುಕೆಕೊಹೆಯಲ್ಲಿ ಏಪ್ರಿಲ್ ಅಂದರೆ ಚಳಿ ಶುರು. ಬರಿಗಾಲಿಗೆ ಮೆಟ್ಟಿಲು ಕೊರೆಯುತ್ತಿತ್ತು.

"ಮಾಮಾ ಹೋಗಿಬಿಟ್ಟ ವೈನಿ. ಊಟಾ ಮಾಡಿ ಕೈ ತೊಳಿಯಾಕ ಎದ್ದಾಂವ ಅಲ್ಲೇ ಕುಸದ. ದವಾಖಾನಿ ಮುಟ್ಟೂದ್ರಾಗ ಮುಗದಿತ್ತು. ಇಲ್ಲೆ ಈಗ ರಾತ್ರಿ ಹನ್ನೆರಡು ಹೊಡದೈತಿ. ಮುಂಜಾನೆ ಹತ್ತಕ್ಕ ಎತ್ತತೇವಿ. ಬ್ಯಾಸಗಿ ನೋಡ್ರಿ, ಭಾಳ ಹೊತ್ತು ಇಡಾಕ ಬರಂಗಿಲ್ಲ."

ಮಾಮಾ ಅಂದರೆ ಅತ್ತೆಯ ಒಬ್ಬನೇ ತಮ್ಮ. ಅತ್ತೆಗೆ ಹತ್ತು ವರ್ಷವಿದ್ದಾಗ ಅವರ ತಾಯಿ ತೀರಿಕೊಂಡರು. ಅಂದಿನಿಂದ ಈ ಆರು ವರ್ಷದ ತಮ್ಮನನ್ನು ಎತ್ತಿ ಆಡಿಸಿ, ಉಣಿಸಿ, ಶಾಲೆಗೆ ಕಳಿಸಿ ದೊಡ್ಡವನನ್ನಾಗಿ ಮಾಡಿದವರು ಇವರೇ. ಮಾಮಾ ಬಸ್ ಕಂಡಕ್ಟರ್ ಆಗಿದ್ದವರು. ಅಕ್ಕ ಬಸ್ಸು ಹತ್ತಿದರೆ ತಾವೇ ಜೇಬಿನಿಂದ ದುಡ್ಡು ಹಾಕಿ ಚೀಟಿ ಹರಿದು ಕೊಡುತ್ತಿದ್ದರಂತೆ. ಅದನ್ನು ಅತ್ತೆ ಇಲ್ಲಿ ಕಂಡವರಿಗೆಲ್ಲ ಹೇಳಿದ್ದಾರೆ, ಕನ್ನಡ ಬಾರದ ಪಕ್ಕದ ಮನೆಯ ಮುದುಕಿಗೂ.

"ಅವ್ವಗ ಈಗ ಹೇಳಬ್ಯಾಡ್ರಿ," ಅಂದ ಮೈದುನ. "ಹೇಳಿದ್ರ ಮಣ್ಣಾಗೂತನಕ ಆಕಿ ಹನಿ ನೀರು ಮುಟ್ಟಂಗಿಲ್ಲ. ಸಕ್ಕರಿ ಬ್ಯಾನಿ ಮನಶಾಳು. ಎತ್ತೂದಕಿಂತ ಸ್ವಲ್ಪ ಮೊದಲ ಹೇಳ್ರಿ, ನಾ ವಿಡಿಯೋ ಹಚ್ಚತೇನಿ. ಏನರ ಆಗ್ಲಿ, ಮುಖಾ ಮಾತ್ರ ತಪ್ಪಿಸಬ್ಯಾಡ್ರಿ ವೈನಿ."

ನಮ್ಮ ಕಡೆ ಅದು ಹಾಗೇ. ರಕ್ತಸಂಬಂಧದವರು ಹೋದ ಸುದ್ದಿ ಕಿವಿಗೆ ಬಿತ್ತೆಂದರೆ ಮಣ್ಣು ಕೊಡುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಕಾಯಿಲೆಯವರಿಗೆ ಸಡಿಲ ಉಂಟು, ಆದರೆ ಅತ್ತೆ ಸಡಿಲ ತಗೊಳ್ಳುವ ಪೈಕಿ ಅಲ್ಲ. ಜನವರಿಯಲ್ಲಿ ಯಾವುದೋ ಸೋಮವಾರದ ಉಪವಾಸ ಅಂತ ಏನೂ ತಿನ್ನದೆ, ಇನ್ಸುಲಿನ್ ಮಾತ್ರ ಚುಚ್ಚಿಕೊಂಡು, ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಆಂಬುಲೆನ್ಸ್ ಬಂದು, ಎರಡು ದಿನ ಆಸ್ಪತ್ರೆಯಲ್ಲಿಟ್ಟು ಕಳಿಸಿದರು. ಅಂದು ಅವರ ತಣ್ಣನೆಯ ಬೆವರನ್ನು ಒರೆಸಿದ್ದು ನನ್ನ ಕೈ. ಹಾಗಾಗಿ ಮೈದುನ ಹೇಳಿದ್ದು ನನಗೆ ಸರಿ ಅನ್ನಿಸಿತು.

ಅಲ್ಲೇ ಮೆಟ್ಟಿಲ ಮೇಲೆ ನಿಂತು ಲೆಕ್ಕ ಹಾಕಿದೆ. ಅತ್ತೆ ಅಕ್ಟೋಬರಿನಲ್ಲಿ ಬಂದ ದಿನದಿಂದ ನಮ್ಮ ಮನೆಯಲ್ಲಿ ಊರಿನ ವೇಳೆ ಅಂದರೆ ಏಳೂವರೆ ತಾಸು ಹಿಂದೆ. ಅತ್ತೆ ಬೆರಳಿನ ಗೆರೆಗಳ ಮೇಲೆ ಎಣಿಸಿ, "ಈಗ ಅಲ್ಲೆ ದೀಪಾ ಹಚ್ಚೂ ಹೊತ್ತು" ಅನ್ನುವರು. ನನಗೂ ಅದೇ ಬಾಯಿಪಾಠ. ಅಲ್ಲಿಯ ಹತ್ತಕ್ಕೆ ಏಳೂವರೆ ಕೂಡಿಸಿದರೆ ಇಲ್ಲಿ ಸಂಜೆ ಐದೂವರೆ.

ನಮ್ಮವರು ತಲೆ ಒರೆಸುತ್ತ ಬಂದಾಗ ಹೇಳಿದೆ. ಟವೆಲ್ ಕೊರಳಿಗೆ ಹಾಕಿಕೊಂಡವರು ಹಾಗೇ ವಾಷಿಂಗ್ ಮೆಷಿನ್ನಿಗೆ ಒರಗಿ ನಿಂತರು. ನೆನೆದ ಕೂದಲಿನಿಂದ ನೀರು ಕೆನ್ನೆಗೆ ಇಳಿಯುತ್ತಿತ್ತು, ಅದರಲ್ಲಿ ಕಣ್ಣೀರು ಯಾವುದು ಗೊತ್ತಾಗಲಿಲ್ಲ.

"ಎಷ್ಟೊತ್ತಿಗೆ ಎತ್ತತಾರಂತ?"

"ನಮ್ಮ ಐದೂವರಿಗೆ."

ಅವರು ನನ್ನ ಮಾತು ನಂಬಿದರು. ಸೋದರಮಾವ ಹೋದ ಗಳಿಗೆಯಲ್ಲಿ ಯಾರು ಕೂಡಿಸಿ ಕಳೆದು ನೋಡುತ್ತಾರೆ? ಲೆಕ್ಕ ನನ್ನದು, ಅದನ್ನು ನಾನು ಯಾರ ತಲೆಗೂ ಕಟ್ಟುವುದಿಲ್ಲ.

"ಹೋಗೂದು ಬ್ಯಾಡ ಇವತ್ತು," ಅಂದರು. ಆಗಲೇ ಅತ್ತೆ ಕೋಣೆಯಿಂದ ಹೊರಗೆ ಬಂದಿದ್ದರು. ಹಣೆ ತುಂಬ ವಿಭೂತಿ, ಚುಕ್ಕಿ ಸೀರೆ, ಕಾಲಲ್ಲಿ ಮಗ ಕೊಡಿಸಿದ ಬಿಳಿ ಬೂಟು, ತಲೆಗೆ ಉಣ್ಣೆ ಟೋಪಿ.

"ಬುತ್ತಿ ಆತೇನವಾ? ರೊಟ್ಟಿ ಸೀದ ವಾಸನಿ ಬರಾಕ್ಹತ್ತೇತಿ. ಹೊಳಿ ನೋಡಾಕ ಹೋಗೂ ಹುರುಪು ನನಗೋ ನಿನಗೋ?"

ಆರು ತಿಂಗಳಲ್ಲಿ ಅತ್ತೆ ನಮ್ಮನ್ನು ಕೇಳಿದ್ದು ಅದೊಂದೇ. ಬಾಟನಿ ಡೌನ್ಸಿನ ದೊಡ್ಡ ಮಾಲಿಗೆ ಕರಕೊಂಡು ಹೋದಾಗ ಬೆಂಚು ಹುಡುಕಿ ಕೂತುಬಿಟ್ಟಿದ್ದರು. ಸಮುದ್ರ ತೋರಿಸಿದರೆ, "ಇದೇನು, ಎಲ್ಲಿ ನೋಡಿದ್ರೂ ಉಪ್ಪುನೀರು. ಹರಿಯೂ ಹೊಳಿ ಇಲ್ಲೇನು ನಿಮ್ಮ ದೇಶದಾಗ?" ಅಂದಿದ್ದರು. ಮಲಪ್ರಭೆಯ ದಂಡೆಯ ಮೇಲೆ ತಮ್ಮನ ಕೈ ಹಿಡಿದು ಬೆಳೆದ ಜೀವ. ಇನ್ನು ಹತ್ತು ದಿನಕ್ಕೆ ಅವರ ವಿಮಾನ. ಈ ಭಾನುವಾರ ಬಿಟ್ಟರೆ ಇನ್ನೊಂದು ಬಿಡುವು ಇರಲಿಲ್ಲ, ನಮ್ಮವರು ದುಡಿಯುವ ಪ್ಯಾಕಿಂಗ್ ಶೆಡ್ಡಿನಲ್ಲಿ ಉಳ್ಳಾಗಡ್ಡಿ ಚೀಲಕ್ಕೆ ತುಂಬುವ ಕೆಲಸ ಮುಗಿದಿರಲಿಲ್ಲ. ಹೋಗುವುದಿಲ್ಲ ಅಂದರೆ ಯಾಕೆ ಅನ್ನುವರು, ಯಾಕೆ ಅಂದಾಗ ನಮ್ಮ ಮುಖ ನೋಡುವರು. ನಮ್ಮವರು ಕಾರಿನ ಕೀಲಿ ತಗೊಂಡರು. ಫೋನು ಬಂದರೆ ಅತ್ತೆಗೆ ತಿಳಿಯುತ್ತದೆ ಅಂತ ಇಬ್ಬರ ಫೋನುಗಳನ್ನೂ ನಾನೇ ಬಂದ್ ಮಾಡಿ ಚೀಲಕ್ಕೆ ಹಾಕಿದೆ. ಐದರೊಳಗೆ ಮನೆ ಮುಟ್ಟುವುದು, ಮೊದಲು ಹೇಳುವುದು, ಆಮೇಲೆ ಮುಖ ತೋರಿಸುವುದು ಅಂತ ಮಾತಾಯಿತು.

ದಾರಿಯಲ್ಲಿ ಅತ್ತೆ ನನ್ನ ಜೊತೆ ಹಿಂದಿನ ಸೀಟಿನಲ್ಲಿ ಕೂತರು. ಪುಟ್ಟ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ ಕೊಟ್ಟೆ, ತಿಂದರು. ಇನ್ಸುಲಿನ್ ಮೇಲೆ ಹೊಟ್ಟೆಗೆ ಬಿತ್ತಲ್ಲ, ಶಿವನೇ ನಿನ್ನ ದಯೆ ಅಂದುಕೊಂಡೆ. ನನ್ನದೊಂದು ಅಭ್ಯಾಸವಿದೆ. ದಿನದಲ್ಲಿ ಆದ ಸಣ್ಣ ಸಣ್ಣ ಒಳ್ಳೆಯದನ್ನು ದೇವರಿಗೆ ಹೇಳಿಕೊಳ್ಳುವುದು. ಹಾಲು ಉಕ್ಕಲಿಲ್ಲ, ಮಳೆ ಬರುವುದರೊಳಗೆ ಬಸ್ಸು ಸಿಕ್ಕಿತು, ಇಂಥವು. ಅಂದು ಕೂಡ ಹೇಳುತ್ತ ಹೋದೆ, ಬಾಯಿ ಆಡುತ್ತಿತ್ತು ಅಷ್ಟೆ.

"ನೀ ತಿನ್ನವಲ್ಲ್ಯಾಕ?"

"ಕಾರಿನಾಗ ತಿಂದ್ರ ನನಗ ಆಗಿ ಬರಂಗಿಲ್ಲರೀ ಅತ್ತಿ."

ಅವರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿತ್ತಲ್ಲ. ಅವರ ಬದಲು ನಾನಾದರೂ ಉಪವಾಸ ಹಿಡಿಯುತ್ತೇನೆ ಅಂತ ಮನಸ್ಸಿನಲ್ಲೇ ಸಂಕಲ್ಪ ಮಾಡಿಬಿಟ್ಟಿದ್ದೆ. ಹೀಗೆ ಒಬ್ಬರ ಬದಲು ಇನ್ನೊಬ್ಬರು ಹಿಡಿಯಬಹುದೋ ಇಲ್ಲವೋ ಶಾಸ್ತ್ರ ನನಗೆ ಗೊತ್ತಿಲ್ಲ.

ಹತ್ತರ ಹೊತ್ತಿಗೆ ಕೇಂಬ್ರಿಜ್ ಮುಟ್ಟಿದೆವು. ಹೆಸರೂ ಇಂಗ್ಲೆಂಡಿನದು, ಊರೂ ಹಾಗೇ. ನೂರೈವತ್ತು ವರ್ಷದ ಹಿಂದೆ ಬಂದವರು ತಮ್ಮ ಊರಿನ ಗಿಡಗಳನ್ನೇ ತಂದು ನೆಟ್ಟಿದ್ದರಂತೆ. ರಸ್ತೆಯ ಎರಡೂ ಬದಿಗೆ ಓಕ್, ಮೇಪಲ್, ಹೆಸರು ಗೊತ್ತಿಲ್ಲದ ಇನ್ನೆಷ್ಟೋ. ಎಲೆಗಳೆಲ್ಲ ಅರಿಶಿಣ, ಕೆಲವು ಕುಂಕುಮ. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳು, ಅಂಗಡಿಗಳ ಮುಂದೆ ಉದ್ದಕ್ಕೆ ಕಂಬದ ಪಡಸಾಲೆ. ಬಿಳಿ ಬಣ್ಣದ ಮರದ ಚರ್ಚು, ಮೇಲೆ ಚೂಪು ಗೋಪುರ. ಆಗಷ್ಟೇ ಪ್ರಾರ್ಥನೆ ಮುಗಿಸಿ ಮುದುಕ ಮುದುಕಿಯರು ಹೊರಬರುತ್ತಿದ್ದರು. ಅತ್ತೆ ಬೂಟು ಬಿಚ್ಚಲು ಹೋದರು.

"ಬ್ಯಾಡವ್ವ, ಇಲ್ಲಿ ಹಾಕ್ಕೊಂಡ ಹೋಗತಾರ," ಅಂದರು ನಮ್ಮವರು.

"ಅವರು ಹಾಕ್ಕೊಂಡ ಹೋಗ್ಲಿ. ದೇವರ ಮನಿಗೆ ನಾ ಹೆಂಗ ಹೋಗಬೇಕು ಅಂತ ನೀ ಕಲಸ್ತೀಯೇನು?"

ಬೂಟು ಬಾಗಿಲಲ್ಲಿ ಬಿಟ್ಟು, ಕಾಲುಚೀಲದಲ್ಲೇ ಒಳಗೆ ನಡೆದು, ಕೊನೆಯ ಬೆಂಚಿನಲ್ಲಿ ಕೈಮುಗಿದು ಕೂತರು. ಬಿಳಿ ಕೂದಲಿನ ಪಾದ್ರಿಯೊಬ್ಬರು ಬಂದು ತಾವೂ ಕೈಮುಗಿದು ನಕ್ಕರು. ಎದ್ದು ಬರುವಾಗ ಅತ್ತೆ ಹೇಳಿದರು: "ತಮ್ಮಗ ಮೊಣಕಾಲ ನೋವಂತ. ಅದು ಹೋಗ್ಲಿ ಅಂತ ಬೇಡ್ಕೊಂಡೆ. ಇಲ್ಲಿ ದೇವರಿಗೆ ನಮ್ಮ ಮಾತು ತಿಳೀಲಿ ಬಿಡ್ಲಿ."

ನಮ್ಮವರು ಅವ್ವನ ಬೂಟಿನ ಲೇಸು ಕಟ್ಟಲು ಬಗ್ಗಿದವರು ಬಹಳ ಹೊತ್ತು ಮೇಲೇಳಲಿಲ್ಲ.

ಆಮೇಲೆ ಅಂಗಡಿ ಬೀದಿ. ಹಳೆಯ ಸಾಮಾನು ಮಾರುವ ಅಂಗಡಿಯೊಂದರ ಮುಂದೆ ಅತ್ತೆ ನಿಂತರು. ಪಿಂಗಾಣಿ ಬಟ್ಟಲು, ಹಿತ್ತಾಳೆ ಗಂಟೆ, ಯಾರದೋ ಮದುವೆಯ ಫೋಟೋ. ಒಳಗೆ ಗೋಡೆ ತುಂಬ ಗಡಿಯಾರ. ಅಂಗಡಿಯ ಮುದುಕಿ ಸ್ಟೂಲಿನ ಮೇಲೆ ನಿಂತು ಒಂದೊಂದರ ಮುಳ್ಳನ್ನೂ ಬೆರಳಿನಿಂದ ತಿರುಗಿಸುತ್ತಿದ್ದಳು.

"ಏನ್ ಮಾಡಾಕ್ಹತ್ತ್ಯಾಳ ಆಕಿ? ಎಲ್ಲಾ ಗಡಿಯಾರ ಕೆಟ್ಟಾವೇನು?"

"ಕೆಟ್ಟಿಲ್ಲರೀ. ಬ್ಯಾಸಗಿ ಮುಗೀತು ಅಂದ್ರ ಇಲ್ಲೆ ವ್ಯಾಳೆ ಒಂದು ತಾಸು ಹಿಂದಕ್ಕ ಮಾಡ್ತಾರ. ನಿನ್ನಿ ರಾತ್ರಿ ಮಾಡ್ಯಾರ."

"ಸೂರ್ಯಗ ಹೇಳ್ಯಾರೇನು?"

"ಸರ್ಕಾರದವರು ಮಾಡೂದರೀ ಅದು."

"ವ್ಯಾಳೆ ಏನು ಹಿಟ್ಟಿನ ಮುದ್ದಿ ಏನು, ಬೇಕಾದಾಗ ಲಟ್ಟಿಸಾಕ, ಬ್ಯಾಡಾದಾಗ ಮುದುರಾಕ!" ಅಂತ ಅತ್ತೆ ಗಾಜಿಗೆ ಹಣೆ ಹಚ್ಚಿ ನಕ್ಕರು. ಅವರ ವಿಭೂತಿಯ ಗುರುತು ಗಾಜಿಗೆ ಅಂಟಿತು. ನಾನು ಸೆರಗಿನಿಂದ ಒರೆಸಿದೆ. ನನಗೂ ನಗು ಬಂತು. ಆ ಮಾತನ್ನು ಅವರಿಗೆ ಬಿಡಿಸಿ ಹೇಳಿದವಳು ನಾನು. ಹೇಳಿ ಮುಂದೆ ನಡೆದೆ.

ಮಧ್ಯಾಹ್ನ ಹೊಳೆಗೆ ಹೋದೆವು. ಊರಿನ ಮಗ್ಗುಲಲ್ಲೇ ನೆಲ ಆಳಕ್ಕೆ ಇಳಿದು, ಕೆಳಗೆ ವೈಕಾಟೊ ನದಿ. ಮೇಲೆ ಎತ್ತರದ ಕಬ್ಬಿಣದ ಸೇತುವೆ. ದಂಡೆಯ ಪಾರ್ಕಿಗೆ ಇಳಿಜಾರಿನ ದಾರಿ ಇತ್ತು. ಅತ್ತೆಯ ಒಂದು ಕೈ ಮಗ ಹಿಡಿದರು, ಇನ್ನೊಂದು ನಾನು. ಕೆಳಗೆ ಹುಲ್ಲು, ಕೂರಲು ಮರದ ಬೆಂಚು, ನೀರಿನ ಮೇಲೆ ಬಾಗಿದ ಗಿಡಗಳು. ನೀರು ಹಸಿರಾಗಿತ್ತು, ಸದ್ದಿಲ್ಲದೆ ಬಲು ಜೋರಾಗಿ ಹರಿಯುತ್ತಿತ್ತು. ಉದುರಿದ ಎಲೆಗಳು ಒಂದರ ಹಿಂದೊಂದು ತೇಲಿಹೋಗುತ್ತಿದ್ದವು.

ಅತ್ತೆ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಬೊಗಸೆಯಲ್ಲಿ ನೀರು ತೆಗೆದು, ಟೋಪಿ ಸರಿಸಿ ನೆತ್ತಿಗೆ ಹಾಕಿಕೊಂಡರು. ಆಮೇಲೆ ನನಗೂ ಚಿಮುಕಿಸಿದರು, ಮಗನಿಗೂ.

"ಥಂಡಿ ಐತಿ, ಖರೆ ಹೊಳಿ ಐತಿ," ಅಂದರು.

ಬುತ್ತಿ ಬಿಚ್ಚಿದೆ. ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಮೊಸರು. ಅತ್ತೆ ಎರಡು ರೊಟ್ಟಿ ತಿಂದರು. ನಮ್ಮವರು ಒಂದು ತುತ್ತು ಮುರಿದು ಬಾಯಿಗಿಟ್ಟು, ನುಂಗಲಾಗದೆ ಎದ್ದು ಬಾತುಕೋಳಿಗಳ ಕಡೆ ಹೋದರು. ಅಲ್ಲಿ ಹಾಕಬಾರದು ಅಂತ ಬೋರ್ಡು ಇದ್ದರೂ ಉಳಿದದ್ದನ್ನು ಅವಕ್ಕೆ ಹಾಕಿಬಿಟ್ಟರು. ನಾನು ಬಡಿಸುವ ನೆಪದಲ್ಲಿ ಡಬ್ಬಿ ತೆಗೆಯುವುದು, ಮುಚ್ಚುವುದು ಮಾಡುತ್ತಿದ್ದೆ. ಅತ್ತೆಯ ಕಣ್ಣು ತಪ್ಪಲಿಲ್ಲ.

"ಮುಂಜಾನಿಂದ ನೋಡಾಕ್ಹತ್ತೇನಿ. ಒಂದ ತುತ್ತು ಇಲ್ಲ, ಒಂದ ಗುಟುಕು ಚಾ ಇಲ್ಲ. ಐತವಾರ ಯಾವ ದೇವರ ಉಪವಾಸ?"

"ಹಸಿವಿಲ್ಲರೀ."

ಅವರು ನನ್ನ ಹತ್ತಿರ ಸರಿದರು. ದನಿ ತಗ್ಗಿಸಿದರು. "ವಾಕರಿಕಿ ಬರತೈತೇನು?"

ನನಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಮೈಯೆಲ್ಲ ಬಿಸಿಯಾಯಿತು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಅತ್ತೆ ಒಂದು ದಿನವೂ ಆಡಿ ತೋರಿಸಿದವರಲ್ಲ. ಬರುವಾಗ ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ಕುಂಚಿಗೆ ಇಟ್ಟುಕೊಂಡು ಬಂದಿದ್ದರು, ತೊಟ್ಟಿಲ ಕೂಸಿಗೆ ಹಾಕುವಂಥದ್ದು. ಬಟ್ಟೆ ಜೋಡಿಸುವಾಗ ನಾನು ಕಂಡಿದ್ದೆ, ಕಂಡೂ ಮಾತಾಡಿರಲಿಲ್ಲ.

"ಅಂಥದ್ದೇನಿಲ್ಲರೀ ಅತ್ತಿ."

"ಇಲ್ಲ ಅನ್ನು ನೀ. ಮೂರ ತಿಂಗಳ ತನಕ ಹೇಳಬಾರದು, ನನಗೂ ಗೊತ್ತೈತಿ. ನಾ ಕೇಳೇ ಇಲ್ಲ ತಿಳಿ."

"ಖರೇನೂ ಇಲ್ಲರೀ."

"ಆತು ಬಿಡು, ಇಲ್ಲ." ಅಂದರು, ಆದರೆ ಮುಖ ತುಂಬ ನಗು. ನನ್ನ ಮಡಿಲಿನಿಂದ ಡಬ್ಬಿಗಳ ಚೀಲ ಎತ್ತಿ ತಾವೇ ಕೆಳಗಿಟ್ಟರು. "ಭಾರ ಎತ್ತಬ್ಯಾಡ."

ಅಲ್ಲಿಂದ ಅವರ ನಡಿಗೆಯೇ ಬೇರೆಯಾಯಿತು. ಐಸ್‌ಕ್ರೀಮ್ ಗಾಡಿ ಕಂಡು ತಮಗೂ ಬೇಕು ಅಂದರು. ಸಕ್ಕರೆಯ ಮಾತು ಎತ್ತಿದರೆ ಮಗನಿಗೆ, "ಇವತ್ತೊಂದಿನ ಸುಮ್ಮನಿರು, ನಿನಗೇನ ಗೊತ್ತು" ಅಂದರು. ಅರ್ಧ ತಿಂದು ಉಳಿದದ್ದನ್ನು ಮಗನಿಗೆ ದಾಟಿಸಿದರು. ಓಕ್ ಮರದ ಕಾಯಿ ಆರಿಸಿ ಸೆರಗಿಗೆ ಕಟ್ಟಿಕೊಂಡರು. ಆರು ತಿಂಗಳಲ್ಲಿ ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ಕಂಡಿರಲಿಲ್ಲ. 

ಮೂರು ಗಂಟೆಯ ಹೊತ್ತಿಗೆ ಮತ್ತೆ ಬೆಂಚಿಗೆ ಬಂದು ಕೂತರು. ಬೆರಳಿನ ಗೆರೆ ಎಣಿಸಿದರು.

"ಅಲ್ಲೆ ಏಳೂವರಿ ಆಗೇತಿ. ಈಗ ಎದ್ದು ಚಾ ಕುಡಕೋಂತ ಕಟ್ಟಿ ಮ್ಯಾಲೆ ಕುಂತಿರತಾನ. ಫೋನ್ ಹಚ್ಚವಾ ತಮ್ಮಗ. ಈ ಹೊಳಿ ತೋರ್ಸೂಣು. ನಾ ಬ್ಯಾರೆ ಏನೂ ಹೇಳಂಗಿಲ್ಲ, ಆಣಿ. ಬರೇ ಹೊಳಿ."

ಫೋನು ನನ್ನ ಚೀಲದಲ್ಲಿತ್ತು. ನಮ್ಮವರು ದೂರದಲ್ಲಿ, ನೀರಿನ ಕಡೆ ಮುಖ ಮಾಡಿ ನಿಂತಿದ್ದರು. ಆಗಲೇ ಹೇಳಿಬಿಡಲೇ ಅನ್ನಿಸಿತು. ಈ ಪರದೇಶದ ಹುಲ್ಲಿನ ಮೇಲೆ ಅವರು ಬಿದ್ದರೆ? ಇಳಿಜಾರು ಹತ್ತಿಸುವುದು ಹೇಗೆ? ಮನೆಯಲ್ಲಾದರೆ ಹಾಸಿಗೆ ಇದೆ, ಮಾತ್ರೆ ಇದೆ, ಇನ್ನೂ ಎರಡೂವರೆ ತಾಸು ಇದೆ. ಹಾಗೆ ನನಗೆ ನಾನೇ ಹೇಳಿಕೊಂಡೆ.

"ಇಲ್ಲೆ ತೆಗ್ಗಿನಾಗ ನೆಟ್‌ವರ್ಕ್ ಸಿಗಂಗಿಲ್ಲರೀ ಅತ್ತಿ. ಮನಿಗೆ ಹೋಗಿ ಹಚ್ಚೂಣು."

ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗಿ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದಳು. ಅತ್ತೆ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಆಕಿದು ಬ್ಯಾರೆ ಕಂಪನಿ ಇರಬೇಕು," ಅಂದರು. ನನ್ನ ಸುಳ್ಳಿಗೆ ಅವರೇ ನೆಪ ಹುಡುಕಿ ಕೊಟ್ಟರು.

ಮೂರೂಕಾಲಿಗೆ ಹೊರಟೆವು. ದಾರಿಯುದ್ದಕ್ಕೂ ಅತ್ತೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ನೇವರಿಸುತ್ತ ಹಾಗೇ ನಿದ್ದೆ ಹೋದರು. ಮನೆ ಮುಟ್ಟಿದಾಗ ಕಾರಿನ ಗಡಿಯಾರದಲ್ಲಿ ನಾಲ್ಕು ನಲವತ್ತೈದು. ಶಿವನೇ, ಇನ್ನೂ ಮುಕ್ಕಾಲು ತಾಸಿದೆ ಅಂದುಕೊಂಡೆ.

ಅವರನ್ನು ಕೈಕಾಲು ತೊಳೆಸಿ ಸೋಫಾದಲ್ಲಿ ಕೂರಿಸಿದೆ. ಸಕ್ಕರೆ ಅಳೆಯುವ ಮಿಷಿನ್ ಹಚ್ಚಿ ನೋಡಿದೆ, ಸರಿಯಾಗಿತ್ತು. ನಮ್ಮವರು ಅವರ ಕಾಲ ಬಳಿ ನೆಲಕ್ಕೆ ಕೂತರು.  ಹೇಳುವುದು ನನಗೇ ಬಂತು.

"ಅತ್ತೀ, ಗಟ್ಟಿ ಮನಸ್ಸು ಮಾಡ್ಕೋರಿ. ಮಾಮಾ ಹೋದ್ರು."

ಅವರು ನನ್ನ ಬಾಯಿಯನ್ನೇ ನೋಡಿದರು. "ಎಲ್ಲಿಗೆ?"

ಮಗ ಅವರ ಮೊಣಕಾಲಿಗೆ ಮುಖ ಹಚ್ಚಿ ಅತ್ತಾಗ ತಿಳಿಯಿತು. ಅಳಲಿಲ್ಲ. "ಯಾವಾಗ?"

"ನಿನ್ನಿ ರಾತ್ರಿ. ಅಲ್ಲಿಯ ರಾತ್ರಿ."

"ನಿಮಗ ಯಾವಾಗ ಗೊತ್ತಾತು?"

"ಮುಂಜಾನೆ. ನೀವು ಪೂಜಾಕ್ಕ ಕುಂತಾಗ."

ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ನನ್ನ ಹೊಟ್ಟೆಯ ಕಡೆ ನೋಡಿದರು. "ಮತ್ತ ನೀ ಉಣ್ಣದ್ದು..."

"ಅದಕ್ಕರೀ ಅತ್ತಿ."

ನನ್ನ ಕೈ ಹಿಡಿದಿದ್ದ ಅವರ ಕೈ ತಾನಾಗಿ ಜಾರಿ ಸೋಫಾದ ಮೇಲೆ ಬಿತ್ತು. ಒಂದು ಮಾತಿಗೆ ಅವರ ತಮ್ಮನೂ ಹೋಗಿದ್ದ, ಅವರು ಎಣಿಸಿಕೊಂಡಿದ್ದ ಕೂಸೂ ಹೋಗಿತ್ತು. ಅದನ್ನು ನಾನು ಕಣ್ಣಾರೆ ಕಂಡೆ.

"ಮುಖಾ ತೋರ್ಸು," ಅಂದರು.

ಫೋನು ಚಾಲೂ ಮಾಡಿದೆ. ಮಾಡುತ್ತಲೇ ಮೆಸೇಜುಗಳು ಒಂದರ ಮೇಲೊಂದು ಟಣ್ ಟಣ್ ಅಂದವು. ವಿಡಿಯೋ ಹಚ್ಚಿದೆ. ಮೈದುನನ ಮುಖ ಕಂಡಿತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆಯುತ್ತಿದ್ದ. ಹಿಂದೆ ಭಜನೆಯ ತಾಳ.

"ಎಲ್ಲಿ ಹೋಗಿದ್ರಿ ವೈನಿ? ಎಷ್ಟ ಸಲ ಹಚ್ಚಿದೆ! ಹತ್ತರ ತನಕ ಕಾದ್ವಿ, ಮ್ಯಾಲೆ ಹತ್ತ ನಿಮಿಷ ಕಾದ್ವಿ. ಈಗ ಎತ್ತಿಬಿಟ್ಟೇವಲ್ಲ!"

"ಇನ್ನೂ ಒಂಬತ್ತೂವರಿ ಅಲ್ಲೇನು?" ಅಂದೆ.

"ಹತ್ತೂವರಿ ಆತು!"

ಆಗ ತಲೆಗೆ ಹೊಳೆಯಿತು. ಇಲ್ಲಿ ವೇಳೆ ಒಂದು ತಾಸು ಹಿಂದೆ ಸರಿದರೆ ಊರಿಗೂ ನಮಗೂ ನಡುವೆ ಇರುವುದು ಏಳೂವರೆಯಲ್ಲ, ಆರೂವರೆ. ಅಲ್ಲಿಯ ಹತ್ತು ಅಂದರೆ ಇಲ್ಲಿ ನಾಲ್ಕೂವರೆ. ನಮ್ಮವರು ಶನಿವಾರ ಮಲಗುವ ಮುಂಚೆಯೇ ಗೋಡೆಯ ಗಡಿಯಾರ, ಕಾರಿನ ಗಡಿಯಾರ ಎರಡನ್ನೂ ತಿರುಗಿಸಿಟ್ಟಿದ್ದರು. ಬೆಳಿಗ್ಗೆ ಫೋನಿನಲ್ಲಿ ಮೈದುನ ಅಲ್ಲಿ ರಾತ್ರಿ ಹನ್ನೆರಡು ಹೊಡೆದಿದೆ ಅಂದಿದ್ದ, ಆಗ ಇಲ್ಲಿ ಆರೂವರೆ. ಆ ಮುದುಕಿ ಗಡಿಯಾರ ತಿರುಗಿಸುವುದನ್ನು ಕಂಡು ನಾನೇ ಅತ್ತೆಗೆ ಪಾಠ ಹೇಳಿದ್ದೆ. ಇಷ್ಟಾದರೂ ಆರು ತಿಂಗಳ ಏಳೂವರೆ ನನ್ನ ತಲೆಯಿಂದ ಕದಲಿರಲಿಲ್ಲ.

"ಮುಂದ ಓಡಪಾ," ಅಂತ ಅತ್ತೆ ಫೋನನ್ನು ನನ್ನ ಕೈಯಿಂದ ಕಸಿದುಕೊಂಡು ಕೂಗಿದರು. "ಓಡಿ ತೋರ್ಸು. ಒಂದ ಸಲ ತೋರ್ಸು."

ಅವನು ಓಡಿದ. ಚಿತ್ರ ಕುಲುಕಾಡಿತು. ಜನರ ಬೆನ್ನು, ಒಂದು ಕೊಡೆ, ದೂಳು, ಹೆಣ ಕೂರಿಸಿ ಹೊರುವ ಬಾಳೆಕಂಬದ ವಿಮಾನದ ಹಿಂಭಾಗ, ಅದರ ಮೇಲೆ ಚೆಂಡುಹೂವಿನ ಸರ. ಒಳಗೆ ಕೂರಿಸಿದ್ದ ಮಾಮನ ರುಮಾಲಿನ ತುದಿ ಕಂಡಿತೋ ಏನೋ. ಹೊಲದ ದಾರಿಗೆ ತಿರುಗಿದರು ಅನ್ನಿಸುತ್ತದೆ, ಚಿತ್ರ ಅಲ್ಲೇ ನಿಂತಿತು. ತಾಳದ ಸದ್ದು ಸ್ವಲ್ಪ ಹೊತ್ತು ಬಂತು, ಅದೂ ಕಡಿಯಿತು. ಮತ್ತೆ ಹಚ್ಚಿದೆ, ಮತ್ತೆ ಹಚ್ಚಿದೆ. ಹತ್ತಲಿಲ್ಲ.

ಅತ್ತೆ ಫೋನನ್ನು ಮಗನ ಕೈಗಿಟ್ಟು ನನ್ನ ಕಡೆ ತಿರುಗಿದರು. ಬೈದಿದ್ದರೆ ಒಳ್ಳೆಯದಿತ್ತು.

"ಹೊಳಿ ದಂಡ್ಯಾಗ ಫೋನ್ ಹಚ್ಚು ಅಂದೆ ನಾ. ಆಗ ಮನ್ಯಾಗ ಇದ್ದ."

"ಹೌದರೀ."

"ಐಸ್‌ಕ್ರೀಮ್ ತಿನಿಸಿದಿ ನನಗ."

ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ಅಳು ಕೇಳಿತು, ಎತ್ತಿದ ದನಿಯಲ್ಲ, ಹೊದ್ದುಕೊಂಡು ಅಳುವ ಅಳು. ನಮ್ಮವರು ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತರು.  "ನಾನೂ ನೋಡಬೇಕಿತ್ತು" ಅಂತ ಒಮ್ಮೆ ಅಂದರು, ತಮಗೆ ತಾವೇ.

ನಾನು ದೇವರ ಮುಂದೆ ಹೋಗಿ ನಿಂತೆ. ಕ್ಷಮಿಸು ಅನ್ನಲು ಬಾಯಿ ಬರಲಿಲ್ಲ. ಕ್ಷಮಿಸಬೇಕಾದವರ ಬಾಗಿಲು ಬೇರೆ ಇತ್ತು. ಅವರು ಬೀಳಲಿಲ್ಲ, ಸಕ್ಕರೆ ಇಳಿಯಲಿಲ್ಲ, ನಾವು ಬಯಸಿದ್ದು ಅದೇ. ಅದನ್ನು ದಯೆ ಅಂತ ಎಣಿಸಲು ಅಂದು ನನಗೆ ಆಗಲಿಲ್ಲ. ಈಗಲೂ ಪೂರ್ತಿ ಆಗುವುದಿಲ್ಲ. ಆಮೇಲೆ ಯಾರೋ ಮಾಮನನ್ನು ಕೂರಿಸಿದ ಫೋಟೋ ಕಳಿಸಿದರು. ಅತ್ತೆ ನೋಡಲಿಲ್ಲ, ಅದು ನೋಡಿದಂತೆ ಅಲ್ಲ ಅಂದರು. ಊರಿಗೆ ಹೋಗುವ ತನಕದ ಹತ್ತು ದಿನವೂ ನನಗೆ ಏನು ಹೇಳುವುದಿದ್ದರೂ ಮಗನ ಕೈಯಲ್ಲಿ ಹೇಳಿಸಿದರು. ಕೆಟ್ಟ ಮಾತು ಒಂದೂ ಇಲ್ಲ. ಏರ್‌ಪೋರ್ಟಿನಲ್ಲಿ ಕಾಲಿಗೆ ಬಿದ್ದಾಗ ತಲೆ ಮುಟ್ಟಿದರು, ಮುಖ ನೋಡಲಿಲ್ಲ.

ಆ ಸಂಜೆ ಆರಕ್ಕೆ ಮೈದುನನ ಮೆಸೇಜು ಬಂತು, ಮಣ್ಣಾಯಿತು ಅಂತ. ಹೊರಗೆ ಆಗಲೇ ಕತ್ತಲಾಗುತ್ತಿತ್ತು. ನಮ್ಮವರು ಬಾಗಿಲು ತಟ್ಟಿ ಹೇಳಿದರು. ಒಳಗಿನ ಬಚ್ಚಲಲ್ಲಿ ನೀರು ಬಿಟ್ಟ ಸದ್ದು, ಮಣ್ಣಾದ ಮೇಲಿನ ಸ್ನಾನಕ್ಕೆ ಅತ್ತೆ ತಲೆಗೆ ಹಾಕಿಕೊಂಡರು ಅನ್ನುವುದು ತಿಳಿಯಿತು. ಎಷ್ಟೋ ಹೊತ್ತಾದ ಮೇಲೆ ಬಾಗಿಲು ಒಂದಿಷ್ಟು ತೆರೆಯಿತು. ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಅವರು ಮಗನಿಗೆ ಹೇಳಿದ್ದು ನನಗೂ ಕೇಳುತ್ತಿತ್ತು.

"ನಿನ್ನ ಹೆಣ್ತಿಗೆ ಹೇಳು, ಗಂಜಿ ಮಾಡು ಅಂತ. ಇಬ್ಬರಿಗೂ ಆಗೂಹಂಗ ಮಾಡಲಿ. ಆಕೀನೂ ಉಂಡಿಲ್ಲ ಮುಂಜಾನಿಂದ."

ಬಾಗಿಲು ಮತ್ತೆ ಮುಚ್ಚಿತು. ನಾನು ಡಬ್ಬಿಯಿಂದ ನಾಲ್ಕು ಮುಷ್ಟಿ ಅಕ್ಕಿ ಪಾತ್ರೆಗೆ ಹಾಕಿ, ನಲ್ಲಿ ಬಿಟ್ಟು, ತೊಳೆಯಲು ನಿಂತೆ.